ಬಿಳಿ ಅಂದ್ರೆ ಖಾಲಿ ಅಲ್ಲ ಸ್ವಾಮಿ

ಬಿಳಿಯೂ ಒಂದು ಬಣ್ಣ. ಈ ಮಾತನ್ನ ಹೇಳಿಸಿಕೊಳ್ಳಬೇಕಾದವರು ಡಿಸೈನರುಗಳಲ್ಲ, ನನ್ನ ಕಸುಬಿನವರು, ಅಂದ್ರೆ ಸಾಫ್ಟ್‌ವೇರ್ ಬರೆಯುವವರು. ಸುಣ್ಣ ಹೊಡೆದ ಗೋಡೆಗೂ ಗೋಡೆಯೇ ಇಲ್ಲದ ಬಯಲಿಗೂ ಇರುವ ವ್ಯತ್ಯಾಸ ನಮ್ಮೂರಲ್ಲಿ ಎಮ್ಮೆಗೂ ಗೊತ್ತು. ಫೈಲ್ ಕನ್ವರ್ಟ್ ಮಾಡುವ ತಂತ್ರಾಂಶಗಳಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಹಿನ್ನೆಲೆಯಿಲ್ಲದ ಆನಿಮೇಷನ್ ಒಂದನ್ನ ಒಳಗೆ ಹಾಕಿ. ಹೊರಗೆ ಬರುವಾಗ ಬೆನ್ನಿಗೆ ಬಿಳಿ ಹಲಗೆಯನ್ನೋ ಕರಿ ಹಲಗೆಯನ್ನೋ ಕಟ್ಟಿಕೊಂಡು ಬರುತ್ತೆ. ಮೇಲೆ ‘ಕನ್ವರ್ಷನ್ ಸಕ್ಸಸ್‌ಫುಲ್’ ಅಂತ ಒಂದು ಹಸಿರು ಟಿಕ್ ಬೇರೆ!

ನನ್ನ ಜಗಳ ಇರೋದು ಆ ಹಸಿರು ಟಿಕ್ ಜೊತೆ.

ಮನೆ ಮುಂದಿನ ರಂಗೋಲಿಗೆ ಸ್ವಂತ ಹಿನ್ನೆಲೆ ಅಂತ ಇರಲ್ಲ. ಸಗಣಿ ಸಾರಿಸಿದ ಅಂಗಳದಲ್ಲಿ ಗೆರೆಗಳ ನಡುವೆ ಅಂಗಳ ಕಾಣುತ್ತೆ, ಅಪಾರ್ಟ್‌ಮೆಂಟಿನಲ್ಲಿ ಟೈಲ್ಸ್ ಕಾಣುತ್ತೆ. ಕಂಪ್ಯೂಟರಿನ ಚಿತ್ರದಲ್ಲಿ ಈ ಕೆಲಸ ಮಾಡೋದು ಆಲ್ಫಾ. ಪ್ರತಿ ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳ ಜೊತೆ ನಾಲ್ಕನೆಯ ಸಂಖ್ಯೆ. 0 ಆದರೆ ಪೂರ್ತಿ ಪಾರದರ್ಶಕ, 255 ಆದರೆ ಪೂರ್ತಿ ಗಟ್ಟಿ. ನಡುವಿನ ಸಂಖ್ಯೆಗಳಲ್ಲಿ ನೆರಳು, ಹೊಗೆ, ಗಾಜು, ಕೂದಲಿನ ಅಂಚು ಎಲ್ಲಾ ಇರುತ್ತೆ. ಇದು ಮೊನ್ನೆ ಮೊನ್ನೆಯ ಆವಿಷ್ಕಾರವೂ ಅಲ್ಲ. ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ 1970ರ ದಶಕದ ಕೊನೆಯಲ್ಲೇ ನ್ಯೂಯಾರ್ಕಿನಲ್ಲಿ ಇದನ್ನ ರೂಪಿಸಿದ್ದರು. ಒಂದು ಚಿತ್ರದ ಮೇಲೆ ಇನ್ನೊಂದನ್ನ ಕೂರಿಸುವ ಗಣಿತವನ್ನ ಪೋರ್ಟರ್ ಮತ್ತು ಡಫ್ 1984ರಲ್ಲಿ ಬರೆದಿಟ್ಟರು. ನಾನಿನ್ನೂ ಹುಟ್ಟಿರಲಿಲ್ಲ ಮಾರಾಯ್ರೆ.

ಎಲ್ಲ ಫಾರ್ಮ್ಯಾಟಿಗೂ ಆಲ್ಫಾ ಹೊರುವ ಶಕ್ತಿ ಇಲ್ಲ, ಒಪ್ಪಿದೆ. ಜಿಫ್‌ನಲ್ಲಿ 256 ಬಣ್ಣಗಳ ಪಟ್ಟಿಯೊಳಗೆ ಒಂದನ್ನ ಪಾರದರ್ಶಕ ಅಂತ ಗುರುತು ಮಾಡಬಹುದು, ಅಷ್ಟೆ. ಪಿಕ್ಸೆಲ್ ಒಂದೋ ಇದೆ, ಇಲ್ಲಾಂದ್ರೆ ಇಲ್ಲ. ಅರೆಬರೆ ಅನ್ನೋದೇ ಇಲ್ಲ. ಅದಕ್ಕೇ ಮೆತ್ತಗಿನ ನೆರಳು ಗರಗಸದ ಹಲ್ಲಿನಂತಾಗಿ, ಸುತ್ತ ಬಿಳಿ ಅಂಚು ಉಳಿಯೋದು. ನಾವು ದಿನಾ ನೋಡುವ ಎಚ್.264 ಎಂಪಿ4 ಫೈಲುಗಳಲ್ಲಂತೂ ಆಲ್ಫಾಗೆ ಜಾಗವೇ ಇಲ್ಲ. ವಾಟ್ಸ್ಆಪ್‌ನಲ್ಲಿ ‘ಜಿಫ್’ ಅಂತ ಓಡಾಡೋದು ನಿಜಕ್ಕೂ ಎಂಪಿ4. ಸ್ಟಿಕ್ಕರ್ ಮಾತ್ರ ವೆಬ್‌ಪಿ. ಅದಕ್ಕೇ ಸ್ಟಿಕ್ಕರಿನ ಹಿಂದೆ ನಿಮ್ಮ ಚಾಟ್ ಕಾಣುತ್ತೆ, ಜಿಫ್ ಹಿಂದೆ ಕಾಣಲ್ಲ.

ದಾರಿ ಇಲ್ಲ ಅಂತಲ್ಲ, ಬೇಕಾದಷ್ಟಿವೆ. ಎಡಿಟಿಂಗಿಗೆ ಪ್ರೋರೆಸ್ 4444. ಫುಲ್ ಎಚ್‌ಡಿ, 30 ಫ್ರೇಮ್ ಅಂದ್ರೆ ಹತ್ತು ಸೆಕೆಂಡಿಗೆ 400 ಎಂಬಿ ಆಸುಪಾಸು ತಿನ್ನುತ್ತೆ, ಆದರೆ ನಂಬಬಹುದು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗೆ ವಿಪಿ9 ವೆಬ್‌ಎಂ. ಸಫಾರಿಗೆ ಆಪಲ್ 2019ರಲ್ಲಿ ತಂದ ಆಲ್ಫಾ ಸಹಿತ ಎಚ್‌ಇವಿಸಿ. ಸಣ್ಣಪುಟ್ಟದಕ್ಕೆ ಎಪಿಎನ್‌ಜಿ. ಅದನ್ನ ಫೈರ್‌ಫಾಕ್ಸ್ 2008ರಲ್ಲೇ ಒಪ್ಪಿತ್ತು, ಕ್ರೋಮ್ ಒಪ್ಪೋ ಹೊತ್ತಿಗೆ 2017. ಹೀಗಾಗಿ ಒಂದೇ ದೀಪ ಉರಿಯುವ ಆನಿಮೇಷನ್ನಿಗೆ ಎರಡು ಮೂರು ಫೈಲ್ ಮಾಡೋದು ಡಿಸೈನರಿನ ಕರ್ಮ.

ಆದರೆ ದಾರಿಯುದ್ದಕ್ಕೂ ನಮ್ಮವರೇ ಗುಂಡಿ ತೋಡಿಟ್ಟಿದ್ದಾರೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ‘ಲಾಸ್‌ಲೆಸ್’ ಅನ್ನೋ ಆಯ್ಕೆಯೇ ಆಲ್ಫಾ ಬಿಟ್ಟು ಆರ್‌ಜಿಬಿ ಮಾತ್ರ ಬರೆಯುತ್ತೆ. ಹೆಸರು ಲಾಸ್‌ಲೆಸ್, ಲಾಸ್ ಆಗಿದ್ದು ಇಡೀ ನಾಲ್ಕನೇ ಒಂದು ಭಾಗ! ‘ಆರ್‌ಜಿಬಿ + ಆಲ್ಫಾ’ ಅಂತ ಹುಡುಕಿ ನೀವೇ ಆರಿಸಬೇಕು. ಎಫ್‌ಎಫ್‌ಎಂಪೆಗ್‌ನ ಋಣ ನಮ್ಮೆಲ್ಲರ ಮೇಲಿದೆ, ಬೈಯೋಕೆ ಮನಸ್ಸು ಬರಲ್ಲ. ಆದರೂ ಅದರ ಸ್ವಂತ ವಿಪಿ9 ಡಿಕೋಡರ್ ವರ್ಷಗಟ್ಟಲೆ ವೆಬ್‌ಎಂನ ಆಲ್ಫಾವನ್ನ ಓದದೆ ಪಕ್ಕಕ್ಕಿಡುತ್ತಿತ್ತು. ಫೈಲಿನ ಮೆಟಾಡೇಟಾದಲ್ಲಿ ‘ಆಲ್ಫಾ ಮೋಡ್ 1’ ಅಂತ ಬರೆದಿರುತ್ತೆ, ನೋಡುವವರಿಲ್ಲ. ಇನ್‌ಪುಟ್ ಹೆಸರಿಗಿಂತ ಮುಂಚೆ ಲಿಬ್‌ವಿಪಿಎಕ್ಸ್ ಡಿಕೋಡರನ್ನೇ ಬಳಸು ಅಂತ ಹೇಳಿದರೆ ಮಾತ್ರ ಕೇಳುತ್ತಿತ್ತು. ಇದನ್ನ ಆನಿಮೇಷನ್ ಕಲಿತವರು ಯಾವ ಕನಸಲ್ಲಿ ಕಂಡುಕೊಳ್ಳಬೇಕು?

‘ಡಿಸೈನರ್ ತಿಳ್ಕೊಂಡಿರಬೇಕಪ್ಪ’ ಅನ್ನೋದು ನಮ್ಮ ಸಿದ್ಧ ಉತ್ತರ. ಹಳೇ ನೋಟ್‌ಪ್ಯಾಡ್ ನೆನಪಿದೆಯಾ? ಅದರಲ್ಲಿ ಕನ್ನಡ ಟೈಪ್ ಮಾಡಿ ಆನ್ಸಿ ಆಗಿ ಸೇವ್ ಮಾಡೋಕೆ ಹೊರಟರೆ ಅಡ್ಡ ಬಂದು ನಿಲ್ಲುತ್ತಿತ್ತು: ಈ ಯೂನಿಕೋಡ್ ಅಕ್ಷರಗಳು ಕಳೆದುಹೋಗುತ್ತವೆ, ಮುಂದುವರಿಯಲೇ ಅಂತ. ಹಟ ಮಾಡಿ ಓಕೆ ಒತ್ತಿದವರಿಗೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಸಿಗುತ್ತಿತ್ತು, ಸರಿ. ಆದರೆ ಕೇಳಿತ್ತಲ್ವಾ? ಕನ್ನಡದ ‘ಅ’ ಕಳೆದುಹೋಗುತ್ತೆ ಅಂತ ನೋಟ್‌ಪ್ಯಾಡಿನಂಥ ಬಡಪಾಯಿಯೇ ಎಚ್ಚರಿಸುತ್ತಿದ್ದಾಗ, ಇವತ್ತಿನ ಝಗಮಗ ಕನ್ವರ್ಟರುಗಳಿಗೆ ಆಲ್ಫಾ ಬಗ್ಗೆ ಒಂದು ಸಾಲು ಹೇಳೋಕೆ ಏನು ಕಷ್ಟ? ಒಳಗೆ ಬಂದ ಫೈಲಲ್ಲಿ ಆಲ್ಫಾ ಇದೆ, ಹೊರಗೆ ಹೋಗುವುದರಲ್ಲಿ ಇಲ್ಲ. ಒಂದು ‘ಇಫ್’ ಸಾಕು.

ಈ ಒಂದು ‘ಇಫ್’ ಬರೆಯದ್ದಕ್ಕೆ ದಂಡ ಕಟ್ಟೋರು ಬೇರೆಯವರು. ಶಿವಮೊಗ್ಗದಲ್ಲಿ ಮನೆಯಿಂದಲೇ ಆನಿಮೇಷನ್ ಮಾಡುವ ನನ್ನ ಗೆಳತಿ ಪ್ರೋರೆಸ್ 4444 ಫೈಲನ್ನೇ ಕೊಟ್ಟಿದ್ದಳು. ಗ್ರಾಹಕರ ಅಪ್‌ಲೋಡ್ ಪುಟ ಅದನ್ನ ಸದ್ದಿಲ್ಲದೆ ಎಂಪಿ4 ಮಾಡಿತು. ‘ನಿಮ್ಮ ಹಕ್ಕಿ ಕರಿ ಡಬ್ಬದೊಳಗಿದೆ’ ಅಂತ ಹಣ ತಡೆಹಿಡಿದರು. ಅವಳು ಎರಡು ರಾತ್ರಿ ಮತ್ತೆ ರೆಂಡರ್ ಮಾಡಿದಳು. ಅದೇ ಪುಟ, ಅದೇ ಡಬ್ಬ. ಆ ಪುಟ ಬರೆದವರ ಸಂಬಳ ತಿಂಗಳ ಕೊನೆಗೆ ಸರಿಯಾಗಿ ಬಂದಿರುತ್ತೆ ಬಿಡಿ.

ಕೆಲಸಕ್ಕೆ ಬರುವ ಒಂದು ಮಾತು. ಎಕ್ಸ್‌ಪೋರ್ಟ್ ಆದದ್ದನ್ನ ಬಿಳಿ ಪುಟದ ಮೇಲಿಟ್ಟು ಪರೀಕ್ಷಿಸಬೇಡಿ, ಅಲ್ಲಿ ಎಲ್ಲ ಕಳ್ಳರೂ ಸಾಚಾಗಳೇ. ಕಡು ಗುಲಾಬಿಯ ಮೇಲಿಡಿ. ಡಬ್ಬ ಇದ್ದರೆ ಡಬ್ಬ, ಅಂಚಿನಲ್ಲಿ ಬೂದಿಯಂಥ ಗೆರೆ ಇದ್ದರೆ ಗೆರೆ, ಎರಡೂ ಕಾಣುತ್ತವೆ. ಗೆರೆ ಕಂಡರೆ ಸ್ಟ್ರೇಟ್ ಮತ್ತು ಪ್ರೀಮಲ್ಟಿಪ್ಲೈಡ್ ಸೆಟ್ಟಿಂಗ್ ಅದಲುಬದಲಾಗಿದೆಯಾ ನೋಡಿ. ಗ್ರಾಹಕರಿಗೆ ಫೈಲಿನ ಜೊತೆ ಆ ಗುಲಾಬಿ ಸ್ಕ್ರೀನ್‌ಶಾಟನ್ನೂ ಕಳಿಸಿ, ಡಬ್ಬ ಯಾರ ಮನೆಯದು ಅನ್ನೋದಕ್ಕೆ ಸಾಕ್ಷಿ ಇರುತ್ತೆ.

ನಾನು ಕೆಲಸ ಮಾಡುವ ಕಡೆಯೂ ಇಂಥದ್ದೊಂದು ಕನ್ವರ್ಟರ್ ಇದೆ. ಎಚ್ಚರಿಕೆ ತೋರಿಸಿ ಅಂತ ನಾನು ಹಾಕಿದ ಟಿಕೆಟ್ಟನ್ನ ‘ಲೋ ಪ್ರಯಾರಿಟಿ’ ಅಂತ ಎರಡು ಸಲ ಮುಚ್ಚಿದ್ದಾರೆ. ಸೋಮವಾರ ಮೂರನೇ ಸಲ ತೆರೆದಿದ್ದೇನೆ, ಗುಲಾಬಿ ಸ್ಕ್ರೀನ್‌ಶಾಟ್ ಸಮೇತ.