ಹೊರನಾಡಿನ ಗ್ರಂಥಾಲಯ ಮತ್ತು ಹದಿಹರೆಯದ ಓದುಗ

ಗ್ರಂಥಾಲಯವು ಜ್ಞಾನದಾಹವನ್ನು ತಣಿಸುವ ತಾಣವೆಂದೂ ಉದ್ಯೋಗದ ಚಿಂತೆಗೆ ಅಲ್ಲಿ ಸ್ಥಾನವಿಲ್ಲವೆಂದೂ ಭಾವಿಸುವವರು ವಿದ್ವದ್ವಲಯದಲ್ಲಿ ಇಂದಿಗೂ ಇದ್ದಾರೆ. ಮುಂಬಯಿ ಕನ್ನಡಿಗರ ಇತಿಹಾಸ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಈ ನಗರದಲ್ಲಿ ಓದು ಮತ್ತು ಹೊಟ್ಟೆಪಾಡು ಮೊದಲಿನಿಂದಲೂ ಜೊತೆಯಾಗಿಯೇ ಸಾಗಿಬಂದಿವೆ.

ಕಳೆದ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಿಂದ ಎಳೆಯ ಪ್ರಾಯದಲ್ಲೇ ಮುಂಬಯಿಗೆ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆಯ ಬಳಿಕ ರಾತ್ರಿಶಾಲೆಗಳಲ್ಲಿ ಕಲಿತರು. ಜಾತಿಸಂಘಗಳೂ ಭಾಷಾಸಂಘಗಳೂ ತೆರೆದ ವಾಚನಾಲಯಗಳು ಆ ಶಾಲೆಗಳಿಗೆ ಪೂರಕವಾಗಿ ನಿಂತವು. ಊರಿನ ಸುದ್ದಿಯನ್ನು ಅರಸಿ ಪತ್ರಿಕೆ ತೆರೆದವನು ಅದರಲ್ಲೇ ಉದ್ಯೋಗದ ಜಾಹೀರಾತನ್ನೂ ಕಂಡನು; ಕಾದಂಬರಿ ಓದುತ್ತ ಓದುತ್ತ ಅರ್ಜಿ ಬರೆಯುವ ಭಾಷೆಯನ್ನೂ ರೂಢಿಸಿಕೊಂಡನು. ಹೀಗೆ ಬೆಳೆದವರಲ್ಲಿ ಅನೇಕರು ಮುಂದೆ ಗುಮಾಸ್ತರೂ ಶಿಕ್ಷಕರೂ ವಕೀಲರೂ ಲೇಖಕರೂ ಆದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1934ರಲ್ಲಿ ಕರ್ನಾಟಕ ಸಂಘ ಹುಟ್ಟಿಕೊಂಡದ್ದು ಇಂತಹ ವಲಸೆಯ ಸಂದರ್ಭದಲ್ಲಿಯೇ.

ಇಂದು ಚಿತ್ರ ಬದಲಾಗಿದೆ. ಮೂರನೆಯ ತಲೆಮಾರಿನ ಮಕ್ಕಳು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ. ಅನೇಕ ಸಂಘಗಳ ಪುಸ್ತಕಗಳು ಬೀಗ ಹಾಕಿದ ಕಪಾಟುಗಳಲ್ಲಿ ಉಳಿದಿವೆ. ಇನ್ನೊಂದೆಡೆ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳಿದ್ದಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳನ್ನು ಆಶ್ರಯಿಸಿದ ಇಂತಹವರಿಗೆ, ಕನ್ನಡ ಮಾಧ್ಯಮದ ಪ್ರೌಢಶಾಲೆಗಳು ವಿರಳವಾಗಿರುವುದರಿಂದ, ಹದಿಹರೆಯದ ಹೊಸ್ತಿಲಲ್ಲಿಯೇ ಮಾಧ್ಯಮ ಬದಲಾವಣೆಯ ಸಂಕಟ ಎದುರಾಗುತ್ತದೆ. ಶಾಲೆ ತೊರೆಯುವ ಪ್ರಲೋಭನೆ ಬಲವಾಗುವುದೂ ಈ ವಯಸ್ಸಿನಲ್ಲಿಯೇ. ಗ್ರಂಥಾಲಯದ ಅಗತ್ಯ ಯಾರಿಗೆ ಅತ್ಯಧಿಕವೋ ಅವರಿಗೇ ಅದರ ಬಾಗಿಲು ಅಪರಿಚಿತವಾಗಿರುವುದು ವಿಷಾದದ ಸಂಗತಿ.

ಒಂದೇ ಕೋಣೆಯ ಮನೆಯಲ್ಲಿ ಓದಲು ಸ್ಥಳವಿಲ್ಲದ ವಿದ್ಯಾರ್ಥಿಗಳಿಗಾಗಿ ಮುಂಬಯಿಯ ಬಡಾವಣೆಗಳಲ್ಲಿ 'ಅಭ್ಯಾಸಿಕಾ' ಎಂಬ ಓದುಕೋಣೆಗಳಿವೆ. ದೀಪ, ಮೇಜು, ಮೌನ ಇಷ್ಟನ್ನೇ ನೀಡುವ ಈ ವ್ಯವಸ್ಥೆಯ ಉಪಕಾರ ದೊಡ್ಡದು. ಆದರೆ ಅದರ ಮಿತಿಯನ್ನೂ ಗಮನಿಸಬೇಕು. ವಿದ್ಯಾರ್ಥಿ ತನ್ನ ಗೈಡನ್ನು ತಾನೇ ತಂದು ಓದಿ ಹೋಗುತ್ತಾನೆ. ಪಕ್ಕದಲ್ಲಿ ಪುಸ್ತಕಗಳಿದ್ದರೂ ಅವು ಅವನ ಕೈಸೇರುವುದಿಲ್ಲ. ಕುರ್ಚಿಯಿಂದ ಕಪಾಟಿನವರೆಗೆ ಅವನನ್ನು ಕರೆದೊಯ್ಯಬಲ್ಲ ಗ್ರಂಥಪಾಲಕನಿದ್ದಾಗ ಮಾತ್ರ ಓದುಕೋಣೆ ಗ್ರಂಥಾಲಯವಾಗುತ್ತದೆ.

ಈ ಹೊಣೆ ಯಾರದು? ಕರ್ನಾಟಕದ 1965ರ ಕಾಯಿದೆ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಉಪಕರ ವಿಧಿಸಲು ಅವಕಾಶ ನೀಡಿತು. ಮಹಾರಾಷ್ಟ್ರದ 1967ರ ಕಾಯಿದೆಯಲ್ಲಿ ಅಂತಹ ಕರವಿಲ್ಲ. ಸಂಘಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಶ್ರೇಣಿಗನುಗುಣವಾಗಿ ಅನುದಾನ ನೀಡುವುದು ಅಲ್ಲಿಯ ಪದ್ಧತಿ. ಆದ್ದರಿಂದ ಮುಂಬಯಿ, ಪುಣೆಗಳಲ್ಲಿ ಕನ್ನಡ ಗ್ರಂಥಾಲಯದ ಭವಿಷ್ಯ ಸಂಘಗಳ ಸಂಕಲ್ಪವನ್ನೇ ಅವಲಂಬಿಸಿದೆ. ಮಾದರಿಗಳಿಗೆ ಕೊರತೆಯಿಲ್ಲ. 2010ರಲ್ಲಿ ಆರಂಭವಾದ ಚೆನ್ನೈನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳಿಗೂ ಸ್ವಂತ ಪುಸ್ತಕ ತಂದು ಓದುವವರಿಗೂ ಪ್ರತ್ಯೇಕ ವಿಭಾಗಗಳನ್ನು ಕಲ್ಪಿಸಿದೆ. ಕರ್ನಾಟಕದಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡಿತು.

ಸಂಘಗಳು ಮಾಡಬೇಕಾದುದು ಭಾರೀ ವೆಚ್ಚದ ಕಾರ್ಯವೇನೂ ಅಲ್ಲ. ಸಂಜೆಯ ಮೂರು ಗಂಟೆ ಸಭಾಗೃಹದ ಒಂದು ಭಾಗವನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬಹುದು. ನೇಮಕಾತಿ ಪ್ರಕಟಣೆಯನ್ನು ಕಡೆಯವರೆಗೆ ಓದಿ ಗ್ರಹಿಸುವುದು, ಅರ್ಜಿ ಬರೆಯುವುದು, ಮಾಹಿತಿಯ ಮೂಲವನ್ನು ಪರಿಶೀಲಿಸುವುದು, ಯುನಿಕೋಡ್‌ನಲ್ಲಿ ಕನ್ನಡ ಬೆರಳಚ್ಚು, ಕರಡು ತಿದ್ದುವಿಕೆ ಇವುಗಳನ್ನು ನಿವೃತ್ತ ಶಿಕ್ಷಕರೂ ಬ್ಯಾಂಕ್ ನೌಕರರೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಸರದಿಯಂತೆ ಕಲಿಸಬಹುದು. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಬಳಸುವ ಮುಂಬಯಿಯ ಹುಡುಗಿಗೆ ಅನುವಾದ ಸಹಜವಾಗಿ ಒದಗಬಲ್ಲ ವೃತ್ತಿ, ತರಬೇತಿಯಷ್ಟೇ ಬೇಕು. ಸಿಬ್ಬಂದಿ ನೇಮಕಾತಿ ಆಯೋಗ 2023ರಲ್ಲಿ ತನ್ನ ಕೆಲವು ಪರೀಕ್ಷೆಗಳನ್ನು ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಲು ತೊಡಗಿತು. ಈ ಸಂಗತಿ ಕನ್ನಡ ಶಾಲೆಯ ಮಕ್ಕಳಿಗೆ ತಲುಪದಿದ್ದರೆ ದೊರೆತ ಅವಕಾಶ ಕಾಗದದ ಮೇಲೆಯೇ ಉಳಿಯುತ್ತದೆ.

ಇದರಿಂದ ಗ್ರಂಥಾಲಯ ಪರೀಕ್ಷಾ ತರಬೇತಿ ಕೇಂದ್ರವಾಗಿ ಕುಗ್ಗೀತೆಂಬ ಆತಂಕ ನಿರಾಧಾರವಲ್ಲ. ಆದರೆ ಅದಕ್ಕೆ ಪರಿಹಾರ ಹದಿಹರೆಯದವರನ್ನು ಹೊರಗಿಡುವುದಲ್ಲ. ಪುಸ್ತಕದ ಸಾರ್ಥಕ್ಯ ಸಂಗ್ರಹದಲ್ಲಲ್ಲ, ಬಳಕೆಯಲ್ಲಿದೆ ಎಂಬುದನ್ನು ಎಸ್. ಆರ್. ರಂಗನಾಥನ್ 1931ರಷ್ಟು ಹಿಂದೆಯೇ ಗ್ರಂಥಾಲಯಶಾಸ್ತ್ರದ ಪ್ರಥಮ ಸೂತ್ರವಾಗಿ ಪ್ರತಿಪಾದಿಸಿದರು. ಅರ್ಜಿ ಬರೆಯಲು ಬಂದವನ ಮೇಜಿನ ಮೇಲೆ ಕಾರಂತರ ಕಾದಂಬರಿಯೊಂದನ್ನು ಇರಿಸುವ ವಿವೇಚನೆ ಗ್ರಂಥಪಾಲಕನಿಗಿದ್ದರೆ ಸಾಕು. ಅವನು ಅದನ್ನು ಅಂದೇ ಓದಬೇಕೆಂದಿಲ್ಲ. ಬದುಕಿಗೆ ನೆರವಾದ ಮನೆಗೆ ಮನುಷ್ಯ ಮರಳಿ ಬರುತ್ತಾನೆ. ಹಾಗೆ ಬಂದವನೇ ನಾಳಿನ ಓದುಗ. ಹೊರನಾಡಿನಲ್ಲಿ ಕನ್ನಡ ಓದುಗರು ಇಲ್ಲವಾಗುತ್ತಿದ್ದಾರೆಂದು ಕೊರಗುವ ಸಂಘಗಳು ಮೊದಲು ತಮ್ಮ ಕಪಾಟಿನ ಬೀಗವನ್ನು ತೆರೆಯಬೇಕಾಗಿದೆ.