ದೇವರ ಪದ್ಯಕ್ಕೆ ಗಿಟಾರು ಆಗುವುದಿಲ್ಲವಾ?

 

ನಮ್ಮ ತರಗತಿಯಲ್ಲಿ ಇಗರ್ಜಿಗೆ ಹೋಗುವ ಮಕ್ಕಳೂ ಇದ್ದಾರೆ. ಅಲ್ಲಿ ಅವರು ಗಿಟಾರು, ಕೀಬೋರ್ಡಿನ ಜೊತೆ ಚಂದ ಹಾಡುತ್ತಾರೆ. ಆದರೆ ಶಾಲೆಯ ಶನಿವಾರದ ಸಭೆಯಲ್ಲಿ ಬಾಯಿಯೇ ಬಿಡುವುದಿಲ್ಲ. ಯಾಕೆ? "ಅದೆಂತ ದೇವರ ಪದ್ಯವಾ? ಬರೀ ಬೊಬ್ಬೆ" ಅಂತ ಕೆಲವರು ನಗಾಡುತ್ತಾರೆ. ಹೀಗೆ ನಗಾಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 'ಪಾಪ್ ಪಂಕ್' ಎಂಬ ಒಂದು ಬಗೆಯ ಹಾಡು ಉಂಟು. ಗಿಟಾರು ಜೋರು, ಡ್ರಮ್ಮು ಅದಕ್ಕಿಂತ ಜೋರು, ತಾಳವಂತೂ ಓಟ. ಆದರೆ ಧಾಟಿ ಸುಲಭ, ನಾಲ್ಕು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಅಲ್ಲಿಯ ಕೆಲವು ಕ್ರೈಸ್ತ ಹುಡುಗರು ಇದೇ ಧಾಟಿಯಲ್ಲಿ ತಮ್ಮ ಭಕ್ತಿಯನ್ನೂ ಹಾಡಿದರು. 1992ರಲ್ಲಿ ಬ್ರೆಮರ್ಟನ್ ಎಂಬ ಊರಿನಲ್ಲಿ 'ಎಮ್‌ಎಕ್ಸ್‌ಪಿಎಕ್ಸ್' ತಂಡ, 1998ರಲ್ಲಿ ಕ್ಯಾಂಟನ್ ಎಂಬ ಊರಿನಲ್ಲಿ 'ರಿಲಯಂಟ್ ಕೆ' ತಂಡ ಶುರುವಾಯಿತು. ಎರಡನ್ನೂ ಕಟ್ಟಿದವರು ಹೈಸ್ಕೂಲು ಹುಡುಗರು! ಅವರ ಹಾಡಿನಲ್ಲಿ ದೇವರ ಜೊತೆಗೆ ಗೆಳೆತನ, ಬೇಸರ, ಸಂಶಯ ಎಲ್ಲ ಬರುತ್ತದೆ. ನಮ್ಮ ಪ್ರಾಯದವರ ಮನಸ್ಸಿನಲ್ಲಿ ಇರುವುದೂ ಅದೇ ಅಲ್ಲವೇ? ಆದರೂ "ಇದು ಭಕ್ತಿಯೇ ಅಲ್ಲ" ಎಂದು ಬೈದ ಹಿರಿಯರು ಅಲ್ಲಿಯೂ ಇದ್ದರು.

ಹೊಸತನ್ನು ಮೊದಲು ಬೈಯುವುದು, ಆಮೇಲೆ ಒಪ್ಪುವುದು ಎಲ್ಲ ಕಡೆ ಇದ್ದದ್ದೇ. ನಮ್ಮ ಕುಂದಾಪುರದ ರೋಸರಿ ಮಾತೆಯ ಇಗರ್ಜಿ 1570ರದ್ದು. ಮೊದಲು ಕೆಥೋಲಿಕರ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ. 1962ರಿಂದ 1965ರವರೆಗೆ ರೋಮಿನಲ್ಲಿ ದೊಡ್ಡ ಸಭೆ ನಡೆದು, ಅವರವರ ಭಾಷೆಯಲ್ಲಿ ಪೂಜೆ ಮಾಡಬಹುದು ಎಂದಾಯಿತು. ಹಾಗಾಗಿ ಇವತ್ತು ಇಲ್ಲಿ ಕೊಂಕಣಿ, ಕನ್ನಡ ಕೇಳುತ್ತದೆ. ಕನ್ನಡ ನಿಘಂಟು ಮಾಡಿದ ಕಿಟೆಲ್ ಸಾಹೇಬರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡ ಪದ್ಯದ ಧಾಟಿಯಲ್ಲಿ 'ಕಥಾಮಾಲೆ' ಎಂದು ಬರೆದರು. ಜರ್ಮನಿಯವರು ನಮ್ಮ ಧಾಟಿ ಹಿಡಿಯಬಹುದಾದರೆ ನಮ್ಮ ಮಕ್ಕಳು ಗಿಟಾರು ಹಿಡಿದರೆ ತಪ್ಪೇನು?

ಇಗರ್ಜಿಯ ಮಾತು ಬಿಡಿ, ನಮ್ಮ ಆಟವನ್ನೇ ನೋಡಿ. ಗುಂಡ್ಮಿ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದಲ್ಲಿ ಹೊಸ ಹೊಸ ರಾಗ ತಂದಾಗ "ಸಂಪ್ರದಾಯ ಹಾಳಾಯಿತು" ಎಂದವರು ಇದ್ದರು. ಆದರೆ ಯುವಕರು ಅವರ ಪದ್ಯ ಕೇಳಲಿಕ್ಕೇ ಆಟಕ್ಕೆ ಹೋದರು. 1990ರಲ್ಲಿ ಅವರು ಚಿಕ್ಕ ಪ್ರಾಯದಲ್ಲೇ ತೀರಿಕೊಂಡರು. ಈಗ ಅವರ ಶೈಲಿಯನ್ನೇ ಎಷ್ಟೋ ಭಾಗವತರು ಅನುಸರಿಸುತ್ತಾರೆ. ಇನ್ನು ಚಂಡೆ! ಅದರ ಪೆಟ್ಟು ಕೇಳಿದರೆ ಮಲಗಿದವನೂ ಎದ್ದು ಕೂರುತ್ತಾನೆ. ಅದನ್ನು ನಾವು ಬೊಬ್ಬೆ ಅನ್ನುತ್ತೇವಾ? ಇಲ್ಲ. ಯಾಕೆಂದರೆ ಚಂಡೆ ನಮಗೆ ಅಭ್ಯಾಸ ಆಗಿದೆ, ಡ್ರಮ್ಮು ಆಗಿಲ್ಲ. ವ್ಯತ್ಯಾಸ ಅಷ್ಟೇ.

ಹಿರಿಯರು ಹೇಳುವುದರಲ್ಲೂ ಒಂದು ಸತ್ಯ ಉಂಟು. ಸದ್ದಿನಲ್ಲಿ ಮಾತು ಮುಳುಗಿಹೋದರೆ ಅದು ಪ್ರಾರ್ಥನೆ ಆಗುವುದಿಲ್ಲ. ಸಿನಿಮಾ ಧಾಟಿಯ ಭಜನೆಗೂ ಈ ಮಾತು ಸಲ್ಲುತ್ತದೆ. ಮೈಕು ಕಿವಿ ಹರಿಯುವಷ್ಟು ಇಟ್ಟರೆ ಯಾವ ದೇವರ ಹೆಸರು ಅಂತಲೂ ತಿಳಿಯುವುದಿಲ್ಲ. ಒಳ್ಳೆಯ ಚಂಡೆಯವರು ಭಾಗವತರ ಪದ್ಯ ಕೇಳುವ ಹಾಗೆ ಕೈ ಹಗುರ ಮಾಡುತ್ತಾರೆ. ಗಿಟಾರಿನವರೂ ಡ್ರಮ್ಮಿನವರೂ ಅದನ್ನು ಕಲಿಯಬೇಕು. ಅರ್ಥ ತಿಳಿಯದೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುವುದೂ ಬೇಡ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಶನಿವಾರದ ಸಭೆಯಲ್ಲಿ ಭಜನೆ, ದಾಸರ ಪದಗಳ ಹಾಗೆ ಇಗರ್ಜಿಯ ಪದ್ಯಕ್ಕೂ ಅವಕಾಶ ಕೊಡಿ. ಹಾಡುವವರು ಮೊದಲು ಕನ್ನಡದಲ್ಲಿ ಅರ್ಥ ಹೇಳಲಿ, ಆಮೇಲೆ ಹಾಡಲಿ. ಶಾಲೆಯಲ್ಲಿ ಡ್ರಮ್ಮು ಇಲ್ಲ ಎಂದು ಚಿಂತೆ ಬೇಡ. ಬೆಂಚು ಬಡಿಯುವುದರಲ್ಲಿ ಏಳನೆಯವರು ಪಳಗಿದವರೇ!

ಪಕ್ಕದ ಬೆಂಚಿನವರ ದೇವರ ಪದ್ಯವನ್ನು ಒಂದು ಸಲವಾದರೂ ಪೂರ್ತಿ ಕೇಳದೆ ನಗುವುದು ವಿದ್ಯೆ ಕಲಿಯುವವರಿಗೆ ಶೋಭೆಯಲ್ಲ. ಕೇಳಿದ ಮೇಲೂ ಇಷ್ಟ ಆಗದಿದ್ದರೆ ಮುಂದಿನ ಸಂಚಿಕೆಗೆ ಕಾರಣ ಕೊಟ್ಟು ಬರೆಯಿರಿ. ನಾನು ಓದುತ್ತೇನೆ.

– ಏಳನೇ ತರಗತಿ