ಯೆಲ್ಲೋಸ್ಟೋನ್ ದರ್ಶನ ಮತ್ತು ಪ್ರವಾಸಿಯ ಸಂಯಮ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ ನಮ್ಮ ಸಂಘದ ಅನೇಕ ಹಿರಿಯ ಸದಸ್ಯರಿಗೆ ಆ ದೇಶದ ಪ್ರವಾಸ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಒಮ್ಮೆ ನಯಾಗರಾ ಜಲಪಾತವನ್ನು ಕಂಡುಬಂದವರು ಮರುಸಲ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುತ್ತಾರೆ. ಅಲ್ಲಿ ಏನನ್ನು ನೋಡಬೇಕೆಂದು ಎಲ್ಲರೂ ಕೇಳುತ್ತಾರೆ. ಹೇಗೆ ನೋಡಬೇಕೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದುದೆಂಬುದು ನನ್ನ ಅಭಿಪ್ರಾಯ.

1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟರ ಅಂಕಿತದೊಡನೆ ಸ್ಥಾಪಿತವಾದ ಇದು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾಗಿದೆ. ವಯೋಮಿಂಗ್, ಮೊಂಟಾನಾ ಮತ್ತು ಐಡಾಹೊ ರಾಜ್ಯಗಳಲ್ಲಿ ಸುಮಾರು 9,000 ಚದರ ಕಿಲೋಮೀಟರುಗಳಷ್ಟು ಹರಡಿರುವ ಈ ನೆಲದ ಒಡಲಲ್ಲಿ ಜ್ವಾಲಾಮುಖಿಯ ಕಾವು ಇನ್ನೂ ಆರಿಲ್ಲ. ಮಳೆ ಮತ್ತು ಹಿಮದ ನೀರು ಆಳಕ್ಕಿಳಿದು, ಕಾದು, ಇಕ್ಕಟ್ಟಾದ ಬಿರುಕುಗಳ ಮೂಲಕ ಉಗಿಯ ಒತ್ತಡದಿಂದ ಮೇಲಕ್ಕೆ ಚಿಮ್ಮುತ್ತದೆ. ಇಂತಹ ಚಿಲುಮೆಗೆ ಗೀಸರ್ ಎಂದು ಹೆಸರು; ನಮ್ಮ ಬಚ್ಚಲುಮನೆಯ ಗೀಸರಿಗೂ ಆ ಹೆಸರು ಬಂದದ್ದು ಇಂತಹ ಚಿಲುಮೆಗಳಿಂದಲೇ. ಬಿಸಿನೀರಿನ ಬುಗ್ಗೆಗಳು, ಕುದಿಯುವ ಕೆಸರಿನ ಕೊಳಗಳು, ಉಗಿಯುಗುಳುವ ರಂಧ್ರಗಳು ಎಲ್ಲವೂ ಸೇರಿ ಅಲ್ಲಿ 10,000ಕ್ಕೂ ಹೆಚ್ಚು. ಅವುಗಳಲ್ಲಿ ಚಿಲುಮೆಗಳೇ 500ಕ್ಕೆ ಮೀರಿವೆ.

ಇಷ್ಟು ದೂರ, ಇಷ್ಟು ಹಣ ವ್ಯಯಿಸಿ ಬಂದವರನ್ನು ಹಲಗೆಯ ಕಾಲುದಾರಿಯಿಂದ ಕೆಳಗೆ ಹೆಜ್ಜೆಯಿಡಗೊಡದೆ, ನೀರನ್ನು ಮುಟ್ಟಗೊಡದೆ ಕಟ್ಟಿಹಾಕುವುದು ಅತಿಯಾದ ಕಟ್ಟುನಿಟ್ಟೆಂದು ಕೆಲವರು ಗೊಣಗುವುದುಂಟು. ಆದರೆ ಆ ನೆಲ ಗಟ್ಟಿಯಾಗಿ ಕಂಡರೂ ಅನೇಕ ಕಡೆ ತೆಳುವಾದ ಪೊರೆಯಷ್ಟೇ, ಕೆಳಗಿರುವುದು ಕುದಿನೀರು. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಈ ಬುಗ್ಗೆಗಳಿಗೆ ಬಿದ್ದು ಇಂದಿನವರೆಗೆ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಕಟ್ಟಳೆಯು ಪ್ರವಾಸಿಯ ಪ್ರಾಣರಕ್ಷಣೆಗಾಗಿಯೇ ಇದೆಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಕಟ್ಟಳೆಯಿಂದ ರಕ್ಷಣೆ ದೊರೆಯುವುದು ಬುಗ್ಗೆಗಳಿಗೂ ಹೌದು. ತೀರ್ಥವನ್ನು ಕಂಡೊಡನೆ ಕಾಸು ಹಾಕಿ ಕೈಮುಗಿಯುವ ರೂಢಿ ನಮ್ಮಲ್ಲಿದೆ. ನೀರಿಗೆ ನಾಣ್ಯವೆಸೆದು ಅದೃಷ್ಟವನ್ನು ಬೇಡುವ ರೂಢಿ ಪಾಶ್ಚಾತ್ಯರಲ್ಲೂ ಇದೆ. ಯೆಲ್ಲೋಸ್ಟೋನಿನ ‘ಮಾರ್ನಿಂಗ್ ಗ್ಲೋರಿ’ ಎಂಬ ಕೊಳವು ಇದರ ಫಲವನ್ನು ಇಂದಿಗೂ ಉಣ್ಣುತ್ತಿದೆ. ಹೂವಿನ ನೀಲಿಯಿಂದಾಗಿ ಆ ಹೆಸರು ಪಡೆದ ಈ ಕೊಳಕ್ಕೆ ತಲೆಮಾರುಗಳ ಪ್ರವಾಸಿಗರು ನಾಣ್ಯಗಳನ್ನೂ ಕಸವನ್ನೂ ಎಸೆದರು. ಬುಗ್ಗೆಯ ಕಂಡಿ ಕಟ್ಟಿಕೊಂಡಿತು, ನೀರಿನ ಕಾವು ಇಳಿಯಿತು, ಅಂಚಿನಲ್ಲಿದ್ದ ಹಳದಿ ಮತ್ತು ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ನಡುವಿನತ್ತ ಹಬ್ಬಿದವು. ಭಕ್ತಿಯಿಂದ ಎಸೆದ ಕಾಸೂ ಅಲಕ್ಷ್ಯದಿಂದ ಎಸೆದ ಕಸವೂ ಕೊಳಕ್ಕೆ ಒಂದೇ.

ಈ ಸೂಕ್ಷ್ಮಜೀವಿಗಳನ್ನು ಕ್ಷುದ್ರವೆಂದು ಬಗೆಯಲಾಗದು. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಅವರು ಇಲ್ಲಿನ ಬಿಸಿನೀರಿನಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಜೀವಿಯನ್ನು ಕಂಡುಹಿಡಿದರು. ಅತಿಯಾದ ಶಾಖಕ್ಕೂ ಕೆಡದ ಅದರ ಕಿಣ್ವವು ಮುಂದೆ ಪಿ.ಸಿ.ಆರ್. ಪರೀಕ್ಷೆಗೆ ಆಧಾರವಾಯಿತು. ಆ ವಿಧಾನವನ್ನು ರೂಪಿಸಿದ ಕ್ಯಾರಿ ಮುಲ್ಲಿಸರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 2020ರ ಕೋವಿಡ್ ಮಹಾಮಾರಿಯ ಕಾಲದಲ್ಲಿ ನಮ್ಮಲ್ಲಿ ಅನೇಕರ ಮೂಗಿನ ದ್ರವವನ್ನು ಪರೀಕ್ಷಿಸಿದ್ದು ಇದೇ ವಿಧಾನದಿಂದ. ಯಾರೂ ಕೆಡಿಸದೆ ಬಿಟ್ಟ ಒಂದು ಬುಗ್ಗೆಯಿಂದ ಮನುಕುಲಕ್ಕೆ ದೊರೆತ ಉಪಕಾರವಿದು.

ವನ್ಯಮೃಗಗಳ ವಿಷಯದಲ್ಲೂ ಇದೇ ನೀತಿ. ಬೈಸನ್ ಎಂಬ ಅಲ್ಲಿನ ಕಾಡೆಮ್ಮೆ ಸಾಧುವಾಗಿ ಮೇಯುತ್ತಿರುವಂತೆ ತೋರಿದರೂ ಗಂಟೆಗೆ ಸುಮಾರು 55 ಕಿಲೋಮೀಟರು ವೇಗದಲ್ಲಿ ಓಡಬಲ್ಲುದು. ಅದರಿಂದ 25 ಗಜ, ಕರಡಿ ಮತ್ತು ತೋಳಗಳಿಂದ 100 ಗಜ ದೂರದಲ್ಲಿರಬೇಕೆಂಬುದು ನಿಯಮ. 2016ರಲ್ಲಿ ಪ್ರವಾಸಿಗರು ಬೈಸನ್ನಿನ ಕರುವೊಂದು ಚಳಿಯಿಂದ ನಡುಗುತ್ತಿದೆಯೆಂದು ಕನಿಕರಪಟ್ಟು ಕಾರಿನಲ್ಲಿ ಹೇರಿಕೊಂಡು ಹೋದರು. ಹಿಂಡು ಅದನ್ನು ಮರಳಿ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅಧಿಕಾರಿಗಳು ಅದಕ್ಕೆ ದಯಾಮರಣ ನೀಡಬೇಕಾಯಿತು. ವಿವೇಕವಿಲ್ಲದ ಕನಿಕರವೂ ಹಿಂಸೆಯೇ ಆಗಬಲ್ಲುದು.

ಇನ್ನು ಹಿರಿಯರ ಆರೋಗ್ಯದ ಮಾತು. ಉದ್ಯಾನದ ಬಹುಭಾಗ 7,000 ಅಡಿಗಳಿಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಏದುಸಿರು ಸಹಜ. ಹೃದ್ರೋಗ, ಶ್ವಾಸರೋಗ ಅಥವಾ ಅಧಿಕ ರಕ್ತದೊತ್ತಡ ಇರುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ನಿತ್ಯದ ಔಷಧಗಳು ಕೈಚೀಲದಲ್ಲೇ ಇರಬೇಕು. ನೀರನ್ನು ಆಗಾಗ ಕುಡಿಯುತ್ತಿರಬೇಕು. ಸುತ್ತುರಸ್ತೆಯೇ 228 ಕಿಲೋಮೀಟರು. ರಜೆ ಸಾಲದೆಂದು ತಂದೆತಾಯಿಗಳನ್ನು ಒಂದೇ ದಿನದಲ್ಲಿ ಅದರುದ್ದಕ್ಕೂ ಓಡಿಸುವ ಮಕ್ಕಳ ಉತ್ಸಾಹ ಮೆಚ್ಚತಕ್ಕದ್ದಲ್ಲ. ಎರಡು ಸ್ಥಳಗಳನ್ನು ನಿಧಾನವಾಗಿ ನೋಡಿದರೂ ಸಾಕು. ‘ಓಲ್ಡ್ ಫೇತ್‌ಫುಲ್’ ಚಿಲುಮೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಎದುರಿನ ಬೆಂಚಿನ ಮೇಲೆ ಕುಳಿತು ಕಾಯುವ ಅವಧಿ ದೇಹಕ್ಕೆ ವಿಶ್ರಾಂತಿ, ಮನಸ್ಸಿಗೆ ಸಮಾಧಾನ.

ಕೈಯಿಂದ ಮುಟ್ಟದೆ, ಕಾಲಿನಿಂದ ತುಳಿಯದೆ, ಅವಸರಪಡದೆ ನೋಡಲು ಕಲಿತವನಿಗೆ ಮಾತ್ರ ಇಂತಹ ತಾಣಗಳು ಪೂರ್ಣವಾಗಿ ಕಾಣುತ್ತವೆ. ಈ ಸಂಯಮವನ್ನು ಯೆಲ್ಲೋಸ್ಟೋನಿಗೆ ಹೊರಡುವವರು ಮನೆಯಿಂದಲೇ ಕೊಂಡೊಯ್ಯಲಿ. ಹಿಂತಿರುಗುವಾಗ ಬಂಡೀಪುರ, ನಾಗರಹೊಳೆಗಳಿಗೂ ತರಲಿ.